ಮಗ್ಗದ ಕುಣಿಯಲ್ಲಿ ಆಮೆಯ ಮನೆ

ಪಂಚಮಿಗೆ ತವರಿಗೆ ಹೋದ ಹೊಸ ಸೊಸೆಯರು ತಿರುಗಿ ಬರುವಾಗ ಬುಟ್ಟಿ ತುಂಬ ಉಂಡಿ ತರುತ್ತಾರೆ, ಜೋಳದ ಅಳ್ಳು ತರುತ್ತಾರೆ, ಒಂದು ಹೊಸ ಕುಬಸದ ಕಣ ತರುತ್ತಾರೆ. ನಾನೂ ಅವೆಲ್ಲವನ್ನು ತಂದೆ. ಅವುಗಳ ಜೊತೆಗೆ ಒಂದು ಆಮೆಯನ್ನೂ ತಂದೆ.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ನನ್ನ ತವರು ಬೀಳಗಿ. ಅಪ್ಪ ಸಾಲೆಯ ಮಾಸ್ತರರು. ಕುಲದಿಂದ ನಾವು ನೇಕಾರರೇ. ಆದರೆ ಅಜ್ಜನ ಕಾಲಕ್ಕೇ ಮಗ್ಗ ಬಿಟ್ಟಿದ್ದರಿಂದ ನೇಯ್ಗೆಯ ವಿಷಯದಲ್ಲಿ ನಾನು ಶುದ್ಧ ಮೊದ್ದು. ಅಂಥವಳನ್ನು ಬನಹಟ್ಟಿಯ ನೇಕಾರರ ಮನೆಗೆ ಕೊಟ್ಟಿದ್ದರು. ಆ ಮನೆಯಲ್ಲಿ ಮಾವ, ಅತ್ತೆ, ನನ್ನ ಗಂಡ, ಮತ್ತು ಆ ಬೇಸಿಗೆಯಿಂದ ನಾನು.

ಆಮೆ ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ನಮ್ಮ ಹಿತ್ತಿಲಲ್ಲಿತ್ತು. ಕುರಿ ಹೊಡೆದುಕೊಂಡು ದೂರದ ಗುಡ್ಡಗಳನ್ನೆಲ್ಲ ತಿರುಗಿ ಬರುವ ಕುರಿಗಾರರೊಬ್ಬರು ಅದನ್ನು ಕಂಬಳಿಯ ಮೂಲೆಯಲ್ಲಿ ಕಟ್ಟಿಕೊಂಡು ಬಂದು ಅಪ್ಪನ ಕೈಯಲ್ಲಿಟ್ಟಿದ್ದರು. ಅಂಗೈಯಗಲದ್ದು, ಕಪ್ಪು ಬೆನ್ನು, ಮೇಲೆ ಯಾರೋ ಪುರುಸೊತ್ತಿನಲ್ಲಿ ಕೂತು ಎಳೆದ ರಂಗೋಲಿಯಂಥ ಹಳದಿ ಗೆರೆಗಳು. ಇಂಥ ಜೀವಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಕಾನೂನಿಗೆ ಸಲ್ಲದೆಂದು ಈಗ ಗೊತ್ತು; ಆಗ ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಿತ್ತಿಲಿನ ಬಿಸಿಲಿನಲ್ಲಿ, ಕಲ್ಲು ಗರಸಿನ ನಡುವೆ ಅದು ತನ್ನ ಪಾಡಿಗೆ ತಾನು ಓಡಾಡಿಕೊಂಡಿತ್ತು. ಒಮ್ಮೆ ಮಾತ್ರ ದನದ ನೀರಿನ ಬಾನಿಗೆ ಬಿದ್ದು, ಈಜುವುದಿರಲಿ, ಕಲ್ಲು ಇಳಿದಂತೆ ತಳಕ್ಕೆ ಇಳಿದುಬಿಟ್ಟಿತು. ಅಪ್ಪ ತೋಳು ಮುಳುಗಿಸಿ ಎತ್ತಿ, ತಲೆಕೆಳಗೆ ಹಿಡಿದು ಹೇಗೋ ಬದುಕಿಸಿದರು. ಇದು ನೀರಿನ ಆಮೆಯಲ್ಲ, ನೆಲದ್ದು ಎಂದು ಅವತ್ತೇ ನಮಗೆಲ್ಲ ತಿಳಿಯಿತು.

ನಾನು ಪಂಚಮಿಗೆ ಹೋದಾಗ ಅಪ್ಪನಿಗೆ ಲೋಕಾಪುರಕ್ಕೆ ವರ್ಗವಾಗಿತ್ತು. ಅಲ್ಲಿ ಸಿಕ್ಕಿದ್ದು ಮಾಳಿಗೆಯ ಮೇಲಿನ ಒಂದು ಖೋಲಿ. ‘ಆಮಿ ಯಾರಿಗರೆ ಕೊಡಬೇಕು’ ಎಂದು ಅವ್ವ ಅಂದದ್ದೇ ತಡ, ‘ನಾ ಒಯ್ಯತೇನಿ’ ಎಂದುಬಿಟ್ಟೆ. ಅತ್ತೆಯನ್ನು ಒಂದು ಮಾತು ಕೇಳಬೇಕಿತ್ತು ಎಂಬ ಬುದ್ಧಿ ಬಂದದ್ದು ಬಸ್ಸು ಬೀಳಗಿ ದಾಟಿದ ಮೇಲೆ. ಜಮಖಂಡಿಯಲ್ಲಿ ಬಸ್ಸು ಬದಲಿಸಿ ಕೂತಾಗ ಬುಟ್ಟಿಯೊಳಗಿಂದ ಕರಕರ ಸದ್ದು ಬಂತು. ‘ಬುಟ್ಯಾಗ ಇಲಿ ಹೊಕ್ಕೈತಿ ನೋಡವಾ’ ಎಂದು ಪಕ್ಕದ ಹೆಂಗಸು ಎಚ್ಚರಿಸಿದಳು. ‘ಇಲ್ರಿ, ಉಂಡಿ ಅದಾವ’ ಎಂದೆ. ಆಕೆ ಎದ್ದು ಹೋಗಿ, ಬನಹಟ್ಟಿ ಬರುವವರೆಗೂ ನನ್ನಿಂದ ದೂರದ ಸೀಟಿನಲ್ಲಿ ಕೂತಿದ್ದಳು.

ಸೊಸೆ ತಂದ ಬುಟ್ಟಿಯನ್ನು ನಾಲ್ಕು ಜನರೆದುರು ಬಿಚ್ಚುವುದು ವಾಡಿಕೆ. ಅತ್ತೆ ಓಣಿಯ ಹೆಂಗಸರನ್ನು ಕರೆದು, ಪಡಸಾಲೆಯಲ್ಲಿ ಕೂರಿಸಿ, ಬುಟ್ಟಿಯ ಮೇಲಿನ ಅರಿವೆ ಸರಿಸಿದರು. ಶೇಂಗಾ ಉಂಡಿಯೊಂದರ ಮೇಲೆ ಮುಂಗಾಲಿಟ್ಟು, ಮೂತಿಗೆಲ್ಲ ಬೆಲ್ಲ ಮೆತ್ತಿಕೊಂಡು, ಆಮೆ ಕತ್ತು ಚಾಚಿ ಅವರನ್ನೇ ನೋಡಿತು. ಹೆಂಗಸರು ಹಿಂದೆ ಸರಿದರು. ಅತ್ತೆ ಮಾತ್ರ ಸರಿಯಲಿಲ್ಲ. ಎರಡೂ ಕೈ ಮುಗಿದರು.

‘ದೇವರ ಅವತಾರ ಐತಿ ಇದು,’ ಎಂದರು. ‘ಮಂದಿ ಕಾಲಾಗ ಅಡ್ಡಾಡೂದು ಪಾಡಲ್ಲ. ಅಮಾಸಿ ದಿನಾ ಹೊಳಿಗೆ ಜಳಕಕ್ಕ ಹೋಗತೀವಲ್ಲ, ಅವಾಗ ಬಿಟ್ಟ ಬರೂಣು.’

ರಬಕವಿಯ ಆಚೆ ಕೃಷ್ಣೆ ಶ್ರಾವಣದಲ್ಲಿ ಎರಡೂ ದಂಡೆ ಮುಟ್ಟಿ ಕೆಂಪಗೆ ಹರಿಯುತ್ತಿರುತ್ತದೆ.

‘ಹೊಳಿಗೆ ಬಿಟ್ರ ಮುಳಗತೈತ್ರಿ ಅತ್ಯಾರ.’

‘ಆಮಿ ಮುಳಗೂದಂದ್ರ ಏನ ಬೇ? ಮೀನ ಮುಳಗತಾವೇನು? ಕಪ್ಪಿ ಮುಳಗತಾವೇನು?’

ಹೆಂಗಸರೆಲ್ಲ ನಕ್ಕರು. ನಾನು ಬಾನಿಯ ಕತೆ ಹೇಳಿದೆ. ‘ಮಾಸ್ತರ ಮಗಳು, ಪುಸ್ತಕದಾಗ ಓದಿರಬೇಕು’ ಎಂದು ಒಬ್ಬಳು ಅಂದಳು. ನನಗೆ ಸಿಟ್ಟು ನೆತ್ತಿಗೇರಿತು, ಆದರೆ ಹೊಸ ಸೊಸೆ, ನುಂಗಿಕೊಂಡೆ. ಅತ್ತೆ ನನ್ನ ಮುಖ ನೋಡಿ ಒಂದಿಷ್ಟು ಸಡಿಲವಾದರು. ‘ಆತು, ಅಮಾಸಿ ತನಕ ನೋಡೂಣು. ಕಾಲಾಗ ಬರಬಾರದು, ಒಂದ ಕಡಿ ಇರಬೇಕು. ಉಂಡು ತಿಂದು ಆರಾಮ ಇತ್ತಂದ್ರ ಇರಲಿ. ಸಪ್ಪಗಾತಂದ್ರ ಹೊಳಿಗೆ.’ ನಾನು ಹೂಂ ಅಂದೆ.

ಅತ್ತೆ ಕೆಟ್ಟವರಲ್ಲ. ನೀರಿನ ಜೀವವನ್ನು ನೀರಿಗೆ ಮುಟ್ಟಿಸುವುದು ಪುಣ್ಯವೆಂದು ಖರೇನೇ ನಂಬಿದ್ದರು. ನನಗೆ ಹೆದರಿಕೆ ಹತ್ತಿದ್ದೇ ಅದಕ್ಕೆ. ಸಿಟ್ಟಿಗೆ ಏನೋ ಅಂದವರಾದರೆ ನಾಳೆ ಮರೆಯುತ್ತಾರೆ, ಪುಣ್ಯಕ್ಕೆಂದು ಹೊರಟವರನ್ನು ತಡೆಯುವುದು ಹೇಗೆ?

ಮೊದಲ ರಾತ್ರಿಯೇ ಆಮೆ ನೂಲಿನ ಗಂಟುಗಳ ಸಂದಿ ಹೊಕ್ಕು, ಬೆಳಿಗ್ಗೆ ನನ್ನ ಗಂಡನ ಕಾಲಿಗೆ ಸಿಕ್ಕು ಸ್ವಲ್ಪದರಲ್ಲಿ ಉಳಿಯಿತು. ಆ ಮನೆಗೆ ಹಿತ್ತಿಲಿರಲಿಲ್ಲ. ಹಿಂದುಗಡೆ ಪತ್ರಾಸಿನ ತಗಡಿನ ಶೆಡ್ಡು, ಅದರಲ್ಲಿ ಹೊಸದಾಗಿ ಹಾಕಿಸಿದ ಕರೆಂಟಿನ ಮಗ್ಗಗಳು ಮುಂಜಾನೆಯಿಂದ ಖಟಖಟ. ಮುಂದುಗಡೆ ಬಾಗಿಲು ತೆಗೆದರೆ ಓಣಿ. ನಡುವೆ ಅಡುಗೆಮನೆ, ಮತ್ತು ಪಡಸಾಲೆ. ಆಮೆಯನ್ನು ಎಲ್ಲಿಡುವುದೆಂದು ಯೋಚಿಸುತ್ತ ನಾನು ಪಡಸಾಲೆಯ ಕಸ ಗುಡಿಸುತ್ತಿದ್ದೆ. ಮಾವ ದಿನದಂತೆ ಕುಣಿಯ ಅಂಚಿನಲ್ಲಿ ಕೂತಿದ್ದರು.

ಕುಣಿ ಎಂದರೆ ಕೈಮಗ್ಗದ ಕುಣಿ. ನೆಲದಲ್ಲಿ ತೋಡಿ ಗಿಲಾಯಿ ಮಾಡಿದ, ಮೊಣಕಾಲು ಮೀರಿ ಆಳವಿದ್ದ, ಒಂದು ಸಣ್ಣ ಕೋಣೆಯಂಥ ತಗ್ಗು. ನೇಯುವವರು ಅಂಚಿನ ಮೇಲೆ ಕೂತು, ಕಾಲು ಒಳಗೆ ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ತುಳಿಯುತ್ತ ಮೇಲೆ ಲಾಳಿ ಎಸೆಯುತ್ತಾರೆ. ಮಾವ ಹುಡುಗರಿದ್ದಾಗಿನಿಂದ ಅಲ್ಲೇ ಕೂತು ನೇಯ್ದವರು. ಕರೆಂಟಿನ ಮಗ್ಗ ಬಂದ ಮೇಲೆ ಆ ಹಳೆಯ ಮಗ್ಗವನ್ನು ಬಿಚ್ಚಿ, ಕಟ್ಟಿಗೆಯನ್ನೆಲ್ಲ ಅಟ್ಟಕ್ಕೆ ಏರಿಸಿದ್ದರು. ಕುಣಿ ಮಾತ್ರ ಬಾಯಿ ತೆರೆದುಕೊಂಡು ಉಳಿದಿತ್ತು. ಅದನ್ನು ಮುಚ್ಚಿ ಮೇಲೆ ಪರಸಿ ಕಲ್ಲು ಹಾಸಿಸಬೇಕೆಂದು ನನ್ನ ಗಂಡ ಹೇಳುತ್ತಲೇ ಇದ್ದರು. ಮಾವ ಹೂಂ ಅನ್ನುತ್ತಿರಲಿಲ್ಲ, ಊಹೂಂ ಅನ್ನುತ್ತಿರಲಿಲ್ಲ, ಎಂದಿನಂತೆ ಬಂದು ಕಾಲು ಇಳಿಬಿಟ್ಟು ಕೂರುತ್ತಿದ್ದರು.

ಕಸಬರಿಗೆ ಕೈಯಲ್ಲಿ ಹಾಗೇ ನಿಂತುಬಿಟ್ಟೆ. ನಾಲ್ಕೂ ಕಡೆ ಗೋಡೆ. ಯಾರ ಕಾಲಿಗೂ ಸಿಕ್ಕದಷ್ಟು ಆಳ. ನೆತ್ತಿಯ ಮೇಲೆ ಬೆಳಕಿಂಡಿ. ನೇಯುವವರಿಗೆ ಬೇಕೆಂದು ಕಟ್ಟಿದ್ದೆಲ್ಲ ಆಮೆಗೂ ಬೇಕಾದದ್ದೇ. ನನಗೆ ಅಲ್ಲೇ ಕುಣಿಯಬೇಕೆನಿಸಿತು.

ಆದರೆ ಹೇಳುವುದು ಯಾರಿಗೆ? ಹೊಸ ಸೊಸೆ ಮಾವನ ಜೊತೆ ಎದುರು ನಿಂತು ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ. ಸೆರಗು ಹೊದ್ದುಕೊಂಡು ಬಾಗಿಲ ಮರೆಗೆ ನಿಂತು, ಅತ್ತೆಗೋ ಗಂಡನಿಗೋ ಹೇಳಬೇಕು, ಅವರು ಮುಟ್ಟಿಸಬೇಕು. ಗಂಡನಿಗೆ ಹೇಳಿದೆ. ‘ಕುಣ್ಯಾಗ ಆಮಿ ಸಾಕತಾರೇನು? ಮುಚ್ಚಿದ್ರ ನೂಲಿನ ಬಂಡಲ್ ಇಡಾಕ ಜಾಗಾ ಆಗತೈತಿ’ ಎಂದು ಶೆಡ್ಡಿಗೆ ಹೋದರು. ಅತ್ತೆಗೆ ಹೇಳಿದೆ. ‘ಅದು ಅವರ ಕುಣಿ, ನಾ ಬಾಯಿ ಹಾಕೂದಿಲ್ಲ’ ಎಂದರು. ನಾನು ಆಮೆಯನ್ನು ಸೆರಗಿನಲ್ಲಿ ಹಿಡಿದುಕೊಂಡು ಬಾಗಿಲ ಮರೆಗೆ ನಿಂತೇ ಇದ್ದೆ. ಮಾವನಿಗೆ ಇಷ್ಟೂ ಕೇಳಿಸಿತ್ತು.

ಅವರು ಎಲೆ ಅಡಿಕೆ ಉಗುಳಿ ಬಂದು, ನನ್ನ ಕಡೆ ನೋಡದೆ, ಆಮೆಯ ಕಡೆ ತಿರುಗಿ ಕೇಳಿದರು: ‘ಏನಪಾ ಆಮಿ, ನಿನಗ ಈ ಕುಣಿ ಬೇಕೇನು?’

ಉಪಾಯ ನನಗೂ ಹೊಳೆಯಿತು. ‘ಬೇಕಂತ ಹೇಳು ಆಮಿ,’ ಎಂದೆ.

‘ಒಳಗ ಏನೇನ ಹಾಕಬೇಕು ನಿನಗ?’

‘ತಳಕ್ಕ ಗರಸು, ಮ್ಯಾಲ ಒಣಾ ಉಸುಕು ಹಾಕಬೇಕಂತ ಹೇಳು. ಅಡಗಾಕ ಒಂದು ಗಡಿಗಿ, ಬೆಚ್ಚಗಿರಾಕ ಒಂದು ಬಲ್ಬು.’

‘ಭಾಳ ಶಾಣ್ಯಾ ಅದಿ,’ ಎಂದು ಮಾವ ಆಮೆಗೆ ಹೇಳಿ ಎದ್ದರು. ಅತ್ತೆ ಒಳಗಿನಿಂದ, ‘ಯಾರ ಕೂಡ ಮಾತಾಡಾಕತ್ತಾರ ಇವರು?’ ಎಂದು ಕೇಳುತ್ತಿದ್ದರು.

ಆಮೇಲಿನ ಎರಡು ದಿನಗಳನ್ನು ನೆನೆದರೆ ಈಗಲೂ ಮೈಯಲ್ಲಿ ಹುರುಪು ಬರುತ್ತದೆ. ಮಾವ ಹಳ್ಳದ ಕಡೆಯಿಂದ ಚೀಲದಲ್ಲಿ ಉಸುಕು ಹೊರಿಸಿಕೊಂಡು ಬಂದರು. ನಾನು ಅದನ್ನು ಜರಡಿ ಹಿಡಿದೆ. ಸೀರೆಯನ್ನು ಮೇಲೆ ಕಟ್ಟಿ ಕುಣಿಗೆ ಇಳಿದು, ಮೂಲೆಮೂಲೆಯ ಹಳೇ ನೂಲಿನ ತುಣುಕು, ಜೇಡರ ಬಲೆ, ಯಾವ ಕಾಲದ್ದೋ ಒಂದು ಬೀಡಿ ಕಟ್ಟು, ಎಲ್ಲವನ್ನೂ ಬಳಿದು ತೆಗೆದೆ. ಬೀಡಿ ಕಟ್ಟು ನೋಡಿ ಅತ್ತೆ, ‘ಬಿಟ್ಟೇನಿ ಅಂತ ಆಣಿ ಮಾಡಿದ್ರು’ ಎಂದು ಮಾವನ ಕಡೆ ಕಣ್ಣು ಬಿಟ್ಟರು. ಮಾವ ಆಮೆಯನ್ನು ನೋಡುತ್ತ ಕೂತರು.

ಮಾವ ಅಟ್ಟ ಹತ್ತಿದ್ದೇ ದೊಡ್ಡ ಸುದ್ದಿ. ಮಗ್ಗ ಬಿಚ್ಚಿದಾಗಿನಿಂದ ಅವರು ಅಟ್ಟದ ಕಡೆ ತಲೆ ಎತ್ತಿ ನೋಡಿರಲಿಲ್ಲವಂತೆ. ಈಗ ಹತ್ತಿದವರು ಇಳಿಯಲೇ ಒಲ್ಲರು. ಮೇಲಿನಿಂದ ಒಂದೊಂದಾಗಿ ಕಟ್ಟಿಗೆಗಳು ಇಳಿದು ಬಂದವು. ಕಾಲಿಗೆ ಸವೆದು ನುಣ್ಣಗಾದ ತುಳಿಯುವ ಹಲಗೆ ಆಮೆ ಹತ್ತಿ ಇಳಿಯುವ ಜಾರು ದಾರಿಯಾಯಿತು. ಎಳೆಗಳನ್ನು ಬಿಡಿಸಿ ಹಿಡಿಯುವ ಉದ್ದನೆಯ ಹಣಿಗೆ ಕುಣಿಯ ಅಂಚಿಗೆ ಕಟಕಟೆಯಾಗಿ ನಿಂತಿತು. ಬಾಯಿ ಮುರಿದ ಗಡಿಗೆಯೊಂದನ್ನು ಅಡ್ಡ ಮಲಗಿಸಿ ಅರ್ಧ ಉಸುಕಿನಲ್ಲಿ ಹೂತೆವು; ಅದು ಮಲಗುವ ಕೋಣೆ. ಒಂದು ಮೂಲೆಗೆ ಮಣ್ಣಿನ ಮುಚ್ಚಳದಲ್ಲಿ ಕುಡಿಯಲಿಕ್ಕೆ ನಾಲ್ಕು ಗುಟುಕು ನೀರು. ನಾನು ಎಲ್ಲಿ ಏನಿರಬೇಕೆಂದು ಆಮೆಗೆ ಹೇಳುವುದು, ಮಾವ ಆಮೆಗೆ ಉತ್ತರ ಕೊಡುವುದು, ನಡುವೆ ಆಮೆ ಪಾಪ ಒಂದು ಪುಟ್ಟಿಯೊಳಗೆ ಕೂತು ನಮ್ಮಿಬ್ಬರನ್ನೂ ನೋಡುವುದು.

ಬಲ್ಬಿನ ವಿಷಯದಲ್ಲಿ ಮಾತ್ರ ನಮಗೆ ಜಗಳವೇ ಆಯಿತು. ನಾನು ಕೆಳಗಿರಬೇಕು ಅಂದೆ, ಅವರು ಮೇಲಿರಬೇಕು ಅಂದರು. ಕೆಳಗಿದ್ದರೆ ಸುಡುತ್ತದೆ, ಮೇಲಿದ್ದರೆ ಬೆಚ್ಚಗಾಗುವುದಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಮಾವ ಮಗ್ಗದ ಹಳೇ ಹುರಿ, ಎರಡು ಗಾಲಿ, ಇನ್ನೊಂದು ತುಳಿಯುವ ಹಲಗೆ ಕೂಡಿಸಿ ಏನೋ ಹೂಡಿಬಿಟ್ಟಿದ್ದರು. ಹಲಗೆಯನ್ನು ಕಾಲಿನಿಂದ ಒತ್ತಿದರೆ ಬಲ್ಬು ಸರ್ರನೆ ಕೆಳಗಿಳಿಯುತ್ತಿತ್ತು, ಬಿಟ್ಟರೆ ಮೇಲೇರುತ್ತಿತ್ತು, ಬೇಕಾದಲ್ಲಿ ಒಂದು ಗೂಟಕ್ಕೆ ಸಿಕ್ಕಿಸಿ ನಿಲ್ಲಿಸಬಹುದಿತ್ತು. ನನಗೆ ಸೆರಗಿನ ನೆನಪೂ ಹಾರಿ ಕೈ ತಟ್ಟಿದೆ. ಮಾವ ಒತ್ತಿ ತೋರಿಸಿದರು, ಬಿಟ್ಟು ತೋರಿಸಿದರು, ಮತ್ತೆ ಒತ್ತಿದರು. ನನ್ನ ಗಂಡ ಶೆಡ್ಡಿನಿಂದ ಬಂದು ನೋಡಿ, ‘ನಾನೂ ಒಮ್ಮಿ ಒತ್ತತೇನಿ’ ಎಂದು ಒತ್ತಿದರು. ಪರಸಿಯ ಮಾತು ಅವತ್ತು ಅವರ ಬಾಯಿಯಿಂದ ಬರಲಿಲ್ಲ.

‘ಮಗ್ಗ ಹೂಡುವಾಗ ಸೈತ ಇಷ್ಟ ಸಂಭ್ರಮ ಇರಲಿಲ್ಲ ಈ ಮನ್ಯಾಗ,’ ಎಂದರು ಅತ್ತೆ.

ಆಮೆಯನ್ನು ಇಳಿಸಿದಾಗ ಓಣಿಯ ಅರ್ಧ ಜನ ಪಡಸಾಲೆಯಲ್ಲಿದ್ದರು. ಅದು ಮೊದಲು ಗೋಡೆಯ ಗುಂಟ ಒಂದು ಸುತ್ತು ಹಾಕಿತು. ಗಡಿಗೆಯೊಳಗೆ ಹೋಗಿ, ಅಲ್ಲೇ ತಿರುಗಿ, ಮೂತಿ ಹೊರಗೆ ಹಾಕಿತು. ಬಲ್ಬಿನ ಕೆಳಗೆ ಬಂದು ನಾಲ್ಕೂ ಕಾಲು ಚಾಚಿ ಕೂತಿತು. ನಾನು ಹಕ್ಕರಕಿ ಸೊಪ್ಪಿನ ಒಂದು ಹಿಡಿ ಹಾಕಿದೆ. ಊಟದ ಜೊತೆ ನಾವು ಹಸಿಯಾಗಿಯೇ ತಿನ್ನುವ ಸೊಪ್ಪು ಅದು, ಆಮೆಗಂತೂ ಪಂಚಪ್ರಾಣ. ಅದು ಎಲೆ ಹರಿದು ಹರಿದು ತಿನ್ನುವ ಸದ್ದಿಗೆ ಎಲ್ಲರೂ ಸುಮ್ಮನೆ ನಿಂತು ಕಿವಿಗೊಟ್ಟರು. ನನಗೆ ಆ ಸಂತೋಷ ತಡೆಯಲಾಗಲಿಲ್ಲ, ಅಡುಗೆಮನೆಗೆ ಹೋಗಿ ಒಬ್ಬಳೇ ನಕ್ಕೆ. ಇನ್ನು ಅಮಾವಾಸ್ಯೆಯ ಭಯವಿಲ್ಲ ಎಂದುಕೊಂಡೆ.

ಒಂದು ವಾರ ಹಾಗೇ ನಡೆಯಿತು. ಆಮೇಲೆ ಆಮೆ ಒಂದು ದಿನ ಗಡಿಗೆಯಿಂದ ಹೊರಗೇ ಬರಲಿಲ್ಲ. ತೆಗೆದು ನೋಡಿದರೆ ಕಣ್ಣು ಮುಚ್ಚಿತ್ತು, ಮೂಗಿನಲ್ಲಿ ಸಣ್ಣ ಗುಳ್ಳೆ. ಸೊಪ್ಪು ಮುಟ್ಟಲಿಲ್ಲ. ಸೌತೆಕಾಯಿ ಕೊಟ್ಟೆ, ಅದನ್ನೂ ಮುಟ್ಟಲಿಲ್ಲ. ಉಸುಕಿಗೆ ಕೈ ಹಾಕಿದರೆ ತಣ್ಣಗೆ ಒದ್ದೆ. ಶ್ರಾವಣದ ಜಿಟಿಜಿಟಿ ಮಳೆ, ನೆಲದೊಳಗಿನಿಂದ ನೀರು ಉಕ್ಕುತ್ತಿರಬೇಕು ಎಂದುಕೊಂಡೆ. ಅಷ್ಟೂ ಉಸುಕು ಬಳಿದು ತೆಗೆದು, ಅಳ್ಳು ಹುರಿಯುವ ದೊಡ್ಡ ಬಾಣಲೆಯಲ್ಲಿ ಒಲೆಯ ಮೇಲೆ ಹುರಿದೆ. ಬೆವರು ಸುರಿಸುತ್ತ ಉಸುಕು ಹುರಿಯುವ ಸೊಸೆಯನ್ನು ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ‘ನಾಳಿಗೆ ಒಗ್ಗರಣಿ ಹಾಕತಾಳ ಇಕಿ’ ಎಂದರು.

ಮರುದಿನ ಉಸುಕು ಮತ್ತೆ ಒದ್ದೆ. ಮತ್ತೆ ಹುರಿದೆ. ಅದರ ಮರುದಿನವೂ ಒದ್ದೆ. ಆಮೆ ಇನ್ನಷ್ಟು ಸಪ್ಪಗಾಯಿತು, ಎತ್ತಿದರೆ ಕಾಲು ಒಳಗೆಳೆದುಕೊಳ್ಳುವ ಶಕ್ತಿಯೂ ಇರಲಿಲ್ಲ.

‘ನೋಡಿದೇನು,’ ಎಂದರು ಅತ್ತೆ. ಅವರ ದನಿಯಲ್ಲಿ ಗೆದ್ದ ಸೊಕ್ಕಿರಲಿಲ್ಲ, ಮರುಕವೇ ಇತ್ತು. ‘ಹೊಳಿ ಬೇಡಾಕತ್ತೈತಿ ಅದು. ನೀರಿಲ್ದ ಒಣಗಾಕತ್ತೈತಿ. ನಾಕ ದಿನಾ ತಡಿ, ಅಮಾಸಿ ಬಂತು.’

ನಾನು ಆ ರಾತ್ರಿ ಸರಿಯಾಗಿ ಉಣ್ಣಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಅದು ಜೀವದಿಂದಿದೆಯೋ ಇಲ್ಲವೋ ನೋಡೋಣವೆಂದು ಪಡಸಾಲೆಗೆ ಬಂದೆ. ಮಾವ ನನಗಿಂತ ಮೊದಲೇ ಎದ್ದಿದ್ದರು. ಕುಣಿಯ ಅಂಚಿನಲ್ಲಿ ಕೂತು, ತೊಡೆಯ ಮೇಲೆ ತಾಮ್ರದ ಚೆಂಬು ಇಟ್ಟುಕೊಂಡು, ಬೆರಳು ಅದ್ದಿ ಅದ್ದಿ ಉಸುಕಿನ ಮೇಲೆಲ್ಲ ನೀರು ಚಿಮುಕಿಸುತ್ತಿದ್ದರು. ಎಷ್ಟು ನಾಜೂಕು, ಎಷ್ಟು ಸಾವಕಾಶ. ಒಂದು ಮೂಲೆ ಬಿಡದೆ, ಗಡಿಗೆಯ ಒಳಗೂ ಒಂದು ಹನಿ ಬೀಳುವಂತೆ.

ನನಗೆ ಸೊಸೆತನ ನೆನಪಾಗಲಿಲ್ಲ, ಸೆರಗು ನೆನಪಾಗಲಿಲ್ಲ, ನಡುವೆ ಮಾತಿಗೆ ಆಮೆ ಬೇಕೆಂಬುದೂ ನೆನಪಾಗಲಿಲ್ಲ.

‘ನೀರ ಹಾಕಬ್ಯಾಡ್ರಿ ಮಾವಾರ. ಅದನ್ನ ಕೊಲ್ಲಾಕತ್ತೀರಿ ನೀವು.’

ಒದರಿಯೇ ಬಿಟ್ಟಿದ್ದೆ. ಮಾವನ ಕೈ ಚೆಂಬಿನಲ್ಲೇ ನಿಂತಿತು. ಮದುವೆಯಾದ ಮೇಲೆ ಮೊದಲ ಸಲ ಅವರು ನನ್ನ ಮುಖವನ್ನು ನೇರ ನೋಡಿದರು.

‘ಕುಣಿ ಒಣಗಿತ್ತವಾ,’ ಎಂದರು ಮೆಲ್ಲಗೆ. ‘ಒಣಗಿದ್ರ ಎಳಿ ಹರೀತಾವ.’

ಯಾವ ಎಳೆ? ಮಗ್ಗವೇ ಅಲ್ಲಿರಲಿಲ್ಲ. ಹತ್ತಿಯ ನೂಲಿಗೆ ತಂಪು ಬೇಕು, ಕುಣಿ ಒಣಗಿದರೆ ಎಳೆಗಳು ಪಟಪಟ ಹರಿಯುತ್ತವೆ, ಅದಕ್ಕೆ ನೇಕಾರರು ನೇಯಲು ಕೂರುವ ಮೊದಲು ಕುಣಿಗೆ ನೀರು ಚಿಮುಕಿಸುತ್ತಾರೆ. ನೇಕಾರರ ಮನೆಯಲ್ಲಿ ಬೆಳೆದ ಯಾವ ಹುಡುಗಿಗೂ ಗೊತ್ತಿರುವ ಮಾತು; ಮಾಸ್ತರ ಮಗಳಿಗೆ ಗೊತ್ತಿರಲಿಲ್ಲ. ಮಾವನ ತಂದೆ ಚಿಮುಕಿಸಿದ್ದರು, ಮಾವ ಜೀವಮಾನವಿಡೀ ಚಿಮುಕಿಸಿದ್ದರು. ಕುಣಿಗೆ ಮತ್ತೆ ಜೀವ ಬಂತು ಎಂಬ ಖುಷಿಯಲ್ಲಿ ಅವರ ಕೈ ತಾನಾಗಿ ಚೆಂಬು ಹಿಡಿದಿತ್ತು. ಆಮೆ ಸಪ್ಪಗಾದಷ್ಟೂ, ಪಾಪ ಒಣಗಿದೆ ಎಂದು ಇನ್ನೆರಡು ಹನಿ ಹೆಚ್ಚು ಹಾಕಿದ್ದರು.

ನನಗೆ ಅಳು ಬಂತು. ಅದರ ಹಿಂದೆಯೇ ಒಂದು ಹಿಗ್ಗೂ ಬಂತು: ರೋಗ ಏನೆಂದು ಗೊತ್ತಾಯಿತಲ್ಲ, ಇನ್ನು ಮದ್ದು ಮಾಡಬಹುದು. ನನ್ನ ಸದ್ದಿಗೆ ಅತ್ತೆ ಎದ್ದು ಬಂದರು.

‘ಮಾವಗ ಹಂಗ ಒದರೂದೇನ ಬೇ?’

‘ಒದರಲಿ ಬಿಡು,’ ಎಂದರು ಮಾವ. ‘ಇಷ್ಟ ದಿನಾ ಇಬ್ಬರೂ ಆಮಿ ಕೂಡ ಮಾತಾಡಿದ್ವಿ. ಅದಕ್ಕ ಆಮಿಗೆ ಜಡ್ಡ ಬಂತು.’

ಅವತ್ತಿನಿಂದ ಮಾವ ನನ್ನ ಜೊತೆ ನೇರ ಮಾತಾಡಿದರು, ನಾನೂ ಮಾತಾಡಿದೆ. ಓಣಿಯವರು ಏನೋ ಅಂದಿರಬಹುದು, ಕೇಳಿಸಿಕೊಳ್ಳಲು ನಮಗೆ ಪುರುಸೊತ್ತಿರಲಿಲ್ಲ. ಉಸುಕು ತೆಗೆದೆವು, ಹುರಿದೆವು, ಕುಣಿಯ ತಳಕ್ಕೆ ಒಲೆಯ ಬೂದಿ ಹರಡಿ ತೇವ ಎಳೆಸಿದೆವು, ಮೇಲೆ ಹೊಸ ಗರಸು ಹಾಕಿ ಬಿಸಿ ಉಸುಕು ಸುರಿದೆವು. ಮಾವ ಹಲಗೆ ಒತ್ತಿ ಬಲ್ಬು ಇಳಿಸಿ, ಮುಂಗೈ ಕೆಳಗೆ ಹಿಡಿದು ಕಾವು ನೋಡಿ, ‘ಸಾಕೇನವಾ?’ ಎನ್ನುವರು. ನಾನು ‘ಇನ್ನೊಂದಿಷ್ಟು ರೀ’ ಎನ್ನುವೆ. ಕರೆಂಟು ಹೋದರೆ, ದಿನಕ್ಕೊಮ್ಮೆಯಾದರೂ ಹೋಗುತ್ತಿತ್ತು, ಒಲೆಯಲ್ಲಿ ಕಾಯಿಸಿದ ಇಟ್ಟಿಗೆಯನ್ನು ಅರಿವೆಯಲ್ಲಿ ಸುತ್ತಿ ಗಡಿಗೆಯ ಪಕ್ಕ ಇಡುವುದು. ಹಿಂದಿನ ಶೆಡ್ಡಿನಲ್ಲಿ ಮಗ್ಗಗಳು ನಿಂತಾಗ ನನ್ನ ಗಂಡ ಕರೆಂಟಿನವರನ್ನು ಬಯ್ಯುತ್ತಿದ್ದರು, ಮುಂದೆ ನಾವಿಬ್ಬರು ಇಟ್ಟಿಗೆ ಹಿಡಿದು ಓಡುತ್ತಿದ್ದೆವು.

ಮೂಗಿನ ಗುಳ್ಳೆ ನಿಂತಿತು. ಕಣ್ಣು ಅರ್ಧ ತೆರೆಯಿತು. ಆದರೆ ತಿನ್ನಲಿಲ್ಲ. ಅಮಾವಾಸ್ಯೆ ಬಂತು, ಆಗಲೂ ತಿನ್ನಲಿಲ್ಲ.

ಅತ್ತೆ ಬೆಳಿಗ್ಗೆ ತೊಳೆದ ಸೀರೆ ಉಟ್ಟು, ಬುಟ್ಟಿ ತಂದು ಕುಣಿಯ ಪಕ್ಕ ಇಟ್ಟರು. ದಾರಿಯಲ್ಲಿ ಜೀವಕ್ಕೆ ತ್ರಾಸಾಗಬಾರದೆಂದು ಬುಟ್ಟಿಯ ತಳಕ್ಕೆ ಅರಿವೆಯನ್ನು ಚೆನ್ನಾಗಿ ತೋಯಿಸಿ ಮಡಿಸಿ ಹಾಸಿದ್ದರು. ಮೇಲೆ ಎರಡು ಹೂವು.

‘ಅತ್ಯಾರ, ಇನ್ನ ಸ್ವಲ್ಪ ದಿನಾ ತಡೀರಿ,’ ಎಂದೆ. ‘ಒದ್ದಿ ಆಗಿ ಜಡ್ಡ ಬಂದೈತ್ರಿ ಅದಕ್ಕ. ಆರಾಮ ಆಗಾಕತ್ತೈತಿ.’

‘ಉಪವಾಸ ಕೆಡವಿ ಕೊಂದ್ರ ಪಾಪ ಯಾರಿಗೆ? ಮಾತ ಕೊಟ್ಟಿಯಲ್ಲ.’

ಮಾವನ ಕಡೆ ನೋಡಿದೆ. ‘ತಡಿ ನೀ’ ಎಂದರು ಅವರು ಅತ್ತೆಗೆ. ಅತ್ತೆ ತಡೆಯಲಿಲ್ಲ. ಬಗ್ಗಿ ಆಮೆಯನ್ನು ಎರಡೂ ಕೈಯಲ್ಲಿ ಎತ್ತಿ, ಹಣೆಗೆ ಮುಟ್ಟಿಸಿಕೊಂಡು, ಆ ಒದ್ದೆ ಅರಿವೆಯ ಮೇಲೆ ಇಟ್ಟರು. ನಾನು ಮುಖ ತಿರುಗಿಸಿದೆ, ನೋಡಲಾಗಲಿಲ್ಲ.

ಪರಪರ ಸದ್ದು ಕೇಳಿ ತಿರುಗಿದೆ. ದಿನಗಟ್ಟಲೆ ಸತ್ತಂತೆ ಬಿದ್ದಿದ್ದ ಆಮೆ ನಾಲ್ಕೂ ಕಾಲಿನಿಂದ ಬುಟ್ಟಿಯನ್ನು ಕೆರೆಯುತ್ತಿತ್ತು. ಅರಿವೆಯನ್ನು ತುಳಿದು, ಅಂಚಿಗೆ ಕತ್ತು ಹಾಕಿ, ಬುಟ್ಟಿಯನ್ನೇ ಪಲ್ಟಿ ಹೊಡೆಸಿಕೊಂಡು ಹೊರಗೆ ಬಿತ್ತು. ಬಿದ್ದದ್ದು ತಾನೇ ನೆಟ್ಟಗಾಗಿ, ನಿಲ್ಲದೆ ಕುಣಿಯ ಕಡೆಗೇ ನಡೆಯಿತು. ಅಂಚಿನ ಹಣಿಗೆಗೆ ಮೂತಿ ಹಚ್ಚಿ ನಿಂತಿತು. ಅತ್ತೆ ಮತ್ತೆ ಎತ್ತಿ ಒದ್ದೆ ಅರಿವೆಯ ಮೇಲಿಟ್ಟರು. ಅದು ಅವರ ತೊಳೆದ ಸೀರೆಯ ಮೇಲೆ ಉಚ್ಚೆ ಹೊಯ್ದು, ಮತ್ತೆ ಹೊರಬಿದ್ದು, ಮತ್ತೆ ಕುಣಿಯ ಕಡೆಗೇ ಹೋಯಿತು.

ಅತ್ತೆ ಸೀರೆಯ ಒದ್ದೆ ನಿರಿಗೆಯನ್ನು ಝಾಡಿಸಿಕೊಂಡರು. ‘ನೀರ ಒಲ್ಲದಂತ,’ ಎಂದರು ತಮಗೆ ತಾವೇ.

ಆಮೇಲೆ ನಾನು ಎಣಿಸದಿದ್ದ ಕೆಲಸ ಮಾಡಿದರು. ಹಣಿಗೆಯನ್ನು ಪಕ್ಕಕ್ಕೆ ಸರಿಸಿ, ಕುಣಿಯ ಅಂಚಿನ ಮೇಲೆ, ಮಾವ ಕೂರುವ ಜಾಗದಲ್ಲೇ, ಕೂತು ಕಾಲು ಇಳಿಬಿಟ್ಟರು. ಮದುವೆಯಾಗಿ ಬಂದಾಗಿನಿಂದ ಆ ಕುಣಿಯ ಪಕ್ಕದ ನೆಲದ ಮೇಲೆ ರಾಟೆ ಹಿಡಿದು ಕೂತು, ಗಂಡನ ಲಾಳಿಗೆ ನೂಲು ಸುತ್ತಿ ಕೊಟ್ಟವರು ಅವರು. ಒಳಗೆ ಕಾಲಿಟ್ಟದ್ದನ್ನು ಯಾರೂ ನೋಡಿರಲಿಲ್ಲ. ಬಿಸಿ ಉಸುಕಿನಲ್ಲಿ ಹೆಬ್ಬೆರಳು ಆಡಿಸಿ ನೋಡಿದರು. ‘ಎಷ್ಟ ಬೆಚ್ಚಗೈತಿ ಇಲ್ಲೆ,’ ಎಂದು ಮಾವನ ಕಡೆ ತಿರುಗಿದರು. ಮಾವ ತಮ್ಮ ಹಲಗೆಯನ್ನು ಒತ್ತಿ ಬಲ್ಬನ್ನು ಇನ್ನಷ್ಟು ಕೆಳಗಿಳಿಸಿದರು.

ಅತ್ತೆ ಆಮೆಯನ್ನು ಉಸುಕಿನ ಮೇಲೆ ಬಿಟ್ಟು, ನನ್ನ ಕೈಯಿಂದ ಹಕ್ಕರಕಿಯ ಒಂದು ಎಲೆ ತೆಗೆದುಕೊಂಡು ಅದರ ಮೂತಿಯ ಹತ್ತಿರ ಹಿಡಿದರು. ಹಿಡಿದೇ ಇದ್ದರು. ಕೈ ಸೋತಿತೆಂದು ಇನ್ನೊಂದು ಕೈಗೆ ಬದಲಿಸಿದರು. ಆಮೆ ಕತ್ತು ಸ್ವಲ್ಪ ಚಾಚಿತು, ಮೂಸಿತು, ಬಾಯಿ ತೆರೆಯಿತು, ತಪ್ಪಿ ಅವರ ಬೆರಳಿನ ಪಕ್ಕ ಗಾಳಿಯನ್ನು ಕಚ್ಚಿತು. ಎರಡನೆಯ ಸಲ ಎಲೆ ಸಿಕ್ಕಿತು. ಹರಿದುಕೊಂಡು ನುಂಗಿತು.

ನನ್ನ ಕಣ್ಣು ಮಂಜಾಗಿ ಬಲ್ಬೊಂದೇ ದೊಡ್ಡದಾಗಿ ಕಂಡಿತು.

ಅಷ್ಟರಲ್ಲಿ ಹೊರಗೆ ಬಳೆ ಬಿಂದಿಗೆಗಳ ಸದ್ದು. ಹೊಳೆಗೆ ಹೊರಟ ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ಕೂಗಿದರು: ‘ಬರ್ರಿ ಲಗೂನ, ಹೊತ್ತಾತು. ಆಮಿ ತಗೊಂಡ್ರೇನು?’

ಅತ್ತೆ ಅಲ್ಲಿಂದ ಏಳಲಿಲ್ಲ. ಕಾಲು ಕುಣಿಯಲ್ಲಿ, ಕಣ್ಣು ಆಮೆಯ ಬಾಯಿಯ ಮೇಲೆ.

‘ನೀವು ನಡೀರಿ,’ ಎಂದು ಕೂಗಿ ಹೇಳಿದರು. ‘ನಮ್ಮ ಮನ್ಯಾಗ ಒಬ್ಬರಿಗೆ ಆರಾಮಿಲ್ಲ.’

ನಾನು ನಿಂತಲ್ಲೇ ನಿಂತಿದ್ದೆ. ಅತ್ತೆ ತಿರುಗಿ ನೋಡದೆ ನನ್ನ ಕಡೆ ಕೈ ಚಾಚಿದರು.

‘ನಿಂತ ಏನ ನೋಡತಿ? ಇನ್ನೊಂದ ಎಲಿ ತಾ.’